ಬಣ್ಣ ಹೋಗದಂಗ

ಹಗಲೆಲ್ಲ ನನ್ನ ಕೆಲಸ ಬಣ್ಣ ತೆಗೆಯುವುದು.
ಮುಂಡ್ರಗಿ ಕಡೆಯ ವಾಷಿಂಗ್ ಯೂನಿಟ್ಟಿನಲ್ಲಿ
ಇನ್ನೂ ಯಾರೂ ತೊಡದ ಜೀನ್ಸಿಗೆ
ಮೊಣಕಾಲ ಹತ್ತಿರ ಸವಕಳಿ,
ತೊಡೆಯ ಮೇಲೆ ಹತ್ತು ವರ್ಷ ಕೂತೆದ್ದ ಗೆರೆ
ಮೂರು ನಿಮಿಷದಲ್ಲಿ ಬರಿಸುತ್ತೇನೆ.
ಪೀಸಿಗೆ ಇಷ್ಟು ಅಂತ ಲೆಕ್ಕ.
ಸಂಜೆ ಮೋರಿಯಲ್ಲಿ ನೀಲಿ ಹರಿಯುತ್ತದೆ,
ಒಂದಿಷ್ಟು ಉಗುರಿನಲ್ಲೇ ಉಳಿದು
ಕೌಲ್ ಬಜಾರಿನ ಮನೆ ತನಕ ಬರುತ್ತದೆ.

ಅದನ್ನು ನೋಡಿಯೇ ಇರಬೇಕು ಸುವಾರ್ತಮ್ಮ
ಗೋಡೆಯಾಚೆಯಿಂದ ಕೂಗಿದ್ದು:
"ಏನೇ ಮಾಬುನ್ನಿ, ಬಣ್ಣದ ಕೆಲಸದಾಕಿ ನೀನು,
ಇದನ್ನೊಂಚೂರು ನೋಡಿಕೊಡು.
ಬರೋ ತಿಂಗಳು ಪೆನ್ಷನ್ನಿಗೆ ಬ್ಯಾಂಕಿಗೆ ಹೋಗಿ
ನಾನಿನ್ನೂ ಬದುಕೀನಿ ಅಂತ ತೋರಿಸಬೇಕು.
ಬ್ಯಾಗು ಸತ್ತಂಗ ಕಂಡರ
ನನ್ನ ಯಾರು ನಂಬತಾರ?"

ತೊಗಲಿನ ಬ್ಯಾಗು. ಒಣಗಿದ ಬ್ಯಾಡಗಿಯ ಕೆಂಪು,
ಬ್ಯಾಡಗಿಯದೇ ಸುಕ್ಕು.
ಮೂವತ್ತೊಂದು ವರ್ಷ ಹೆರಿಗೆ ವಾರ್ಡಿಗೆ ಹೋಗಿಬಂದದ್ದು.
ಕೊಡವಿದರೆ ಒಂದು ಸೇಫ್ಟಿ ಪಿನ್ನು,
ಕೂಸಿನ ಕೈಗೆ ಕಟ್ಟುವ ಪಟ್ಟಿ,
ಹೆಸರು ಬರೆಯದ್ದು.

ನನಗೆ ಗೊತ್ತಿದ್ದದ್ದು ಕಲ್ಲು, ಬ್ಲೀಚು, ಕುದಿವ ನೀರು.
ಮೂರೂ ಇದಕ್ಕೆ ವಿಷ ಎಂದ
ಮೋತಿ ಸರ್ಕಲ್ಲಿನಲ್ಲಿ ಚಪ್ಪಲಿ ಹೊಲಿಯುವ ಮಾರೆಪ್ಪ.
"ಇದು ತೊಗಲಕ್ಕ, ಬಟ್ಟಿ ಅಲ್ಲ.
ಕೂಸಿನ ಮುಖ ಒರಸಿದಂಗ ಒರಸು.
ನೀರು ಬ್ಯಾಡ, ನೊರಿ ಸಾಕು.
ಮೊದಲು ಯಾರಿಗೂ ಕಾಣದ ಕಡೆ
ಬಿಳಿ ಅರಿವಿ ಒತ್ತಿ ಕೇಳು, ಬಿಡತೀಯೇನು ಅಂತ.
ಬಿಟ್ಟರ ಅಲ್ಲಿಗೇ ಕೈ ತೆಗಿ.
ಕೊಬ್ಬರಿ ಎಣ್ಣಿ ಹಚ್ಚಬ್ಯಾಡ,
ಕುಡದು ಕುಡದು ಕರ್ರಗ ಆಗತೈತಿ, ನಮ್ಮಪ್ಪನಂಗ."

ಭಾನುವಾರ. ಕರೆಂಟಿಲ್ಲ.
ಗುಡ್ಡದ ಬಂಡೆ ಕಾದು ಓಣಿಗೆಲ್ಲ ಝಳ ಹಂಚುತ್ತಿದೆ.
ಬಿಸಿಲು ತಾಕದ ನಡುಮನೆಯಲ್ಲಿ ಕೂತು
ಮುಚ್ಚಳದ ಅಡಿಗೆ, ಹೊಲಿಗೆಯ ಮರೆಗೆ
ಬಿಳಿ ಅರಿವೆ ಒತ್ತಿದೆ.
ಎತ್ತಿ ನೋಡಿದರೆ ಬಣ್ಣ.
ಎದೆ ಧಸಕ್ಕೆಂದಿತು.
ಕೆಂಪಲ್ಲ,
ನೀಲಿ.

ಬಿಟ್ಟದ್ದು ಬ್ಯಾಗಲ್ಲ, ನಾನು.

ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಮತ್ತೆ ಕೇಳಿದೆ.
ಬಿಡಲಿಲ್ಲ ಅದು, ಹಠಮಾರಿ.
ಆಮೇಲೆ ನೊರೆ, ಒಂದೊಂದೇ ಅಂಗೈಯಗಲ,
ಉಜ್ಜದೆ, ಬರೀ ತಾಕಿಸಿ.
ಅರಿವೆ ಕೆಂಪಾಯಿತು. ಅದಿರು ಲಾರಿಗಳ ಕಾಲದ ಧೂಳು
ಹೊಲಿಗೆ ಹೊಲಿಗೆಗೂ ಕೂತಿದೆ, ಅದೂ ಕೆಂಪೇ.
ಯಾವುದು ಊರಿನ ಕೆಂಪು, ಯಾವುದು ಬ್ಯಾಗಿನದು
ತಿಳಿಯದೆ ಎರಡು ಸಲ ಕೈ ನಿಂತಿತು.

ಬೆನ್ನಿನ ಕಡೆ ಒಂದೆಡೆ ಬಣ್ಣವೇ ಇರಲಿಲ್ಲ.
"ಅದು ನನ್ನ ಎಡ ಸೊಂಟ," ಅಂದಳು ಗೋಡೆಯಾಚೆಯಾಕೆ,
"ಬಿಳಿ ಸೀರಿಗೆ ದಿನಾ ಅಂಟತಿತ್ತು.
ರಕ್ತ ಅಂತ ಮೇಟ್ರನ್ನು ಬೈಯೋಳು,
ದಿನಾ ಒಗಿತಿದ್ದೆ."
ಕೆಲಸದವಳ ಕಣ್ಣಿನಿಂದ ನೋಡಿದೆ:
ಅಂಚು ಎಲ್ಲಿ ಮುಗಿಯಿತೆಂದೇ ಗೊತ್ತಾಗದ ಸವಕಳಿ.
ನಮ್ಮ ಯಾವ ಮಷೀನಿಗೂ ಇದು ಬರುವುದಿಲ್ಲ.
ಮಾರೆಪ್ಪನ ಹತ್ತಿರ ನಲವತ್ತು ರೂಪಾಯಿಗೆ
ಕೆಂಪು ಡಬ್ಬಿ ಇತ್ತು. ಕೇಳಲಿಲ್ಲ.

ಬಣ್ಣವಿಲ್ಲದ ಮೇಣ, ಗುಲಗಂಜಿಯಷ್ಟು,
ಬೋಳು ಜಾಗಕ್ಕೆ ಎರಡು ಗುಲಗಂಜಿ.
ತೊಗಲು ಸದ್ದಿಲ್ಲದೆ ಕುಡಿಯಿತು.
ಹಳೆ ಲುಂಗಿಯಲ್ಲಿ ಸುತ್ತಿ ಮಂಚದಡಿ ರಾತ್ರಿಯಿಟ್ಟು
ಬೆಳಿಗ್ಗೆ ಒಣ ಅರಿವೆಯಲ್ಲಿ ತೀಡಿದೆ.
ಮುಖ ಕಾಣುವಷ್ಟಲ್ಲ,
ಮುಖ ಇದೆ ಎನ್ನುವಷ್ಟು ಹೊಳಪು.

ಸುವಾರ್ತಮ್ಮ ಮೂಸಿ ನೋಡಿದಳು.
ಮೊದಲು ಪಿನ್ನು, ಆಮೇಲೆ ಪಟ್ಟಿ,
ಕೊನೆಗೆ ಪಾಸ್‌ಬುಕ್ಕು ಒಳಗಿಟ್ಟಳು.

ಬ್ಯಾಂಕಿನ ಯಂತ್ರ ಆಕೆಯ ಬೆರಳನ್ನು ಒಪ್ಪಲಿಲ್ಲವಂತೆ.
ಮೂರು ಸಲ ಕೆಂಪು ದೀಪ.
ಸವೆದಾವಮ್ಮ, ಗೆರೆನೇ ಇಲ್ಲ, ಅಂದನಂತೆ ಹುಡುಗ.
ಬ್ಯಾಗನ್ನು ತೊಡೆಯ ಮೇಲೆ ಹೊರಳಿಸಿ
ಆ ಬೋಳು ಜಾಗದ ಮೇಲೊಮ್ಮೆ
ಹೆಬ್ಬೆರಳು ತೀಡಿ
ಮತ್ತೆ ಇಟ್ಟಳಂತೆ.
ಹಸಿರು ಹತ್ತಿತಂತೆ.

ಮಾರೆಪ್ಪನ ಮೇಣದ ಡಬ್ಬಿ
ಇನ್ನೂ ನನ್ನ ಹತ್ತಿರವೇ ಇದೆ.