ಹತ್ತು ವರ್ಷದ ಲೆಕ್ಕ

ಟೊಲೀಡೊ ಲೈಬ್ರರಿಯ ಮೂರನೇ ಕಂಪ್ಯೂಟರು,
ಒಬ್ಬರಿಗೆ ಒಂದೇ ಗಂಟೆ.
ಪರದೆಯ ಮೂಲೆಯಲ್ಲಿ ನಿಮಿಷಗಳು ಹಿಂದಕ್ಕೆ ನಡೆಯುತ್ತಿವೆ.
ಲಾರಿ ಓಡಿಸಲು ಕಲಿಸುತ್ತೇವೆ, ಕಾಸು ಬೇಡ, ಎನ್ನುತ್ತದೆ ಕಂಪನಿ.
ಬಸ್ಸಿನ ಟಿಕೆಟ್ಟು, ಮೋಟೆಲ್ಲು, ಮಧ್ಯಾಹ್ನದ ಊಟ ನಮ್ಮದೇ.
ಆಮೇಲೆ ಒಂದು ವರ್ಷ ನೀವು ನಮ್ಮವರು,
ನಡುವೆ ಬಿಟ್ಟರೆ ಆರು ಸಾವಿರ ಡಾಲರು.
ಆ ಸಣ್ಣಕ್ಷರವನ್ನು ಕನ್ನಡಕ ಹಾಕಿ ಒಮ್ಮೆ,
ತೆಗೆದು ಒಮ್ಮೆ ಓದಿದೆ.
ಎರಡು ಸಲವೂ ಆರೇ ಸಾವಿರ.

ಹೆಸರು: ಓರ್ಲೀನ್ ಸ್ಟಬಲ್‌ಫೀಲ್ಡ್. ವಯಸ್ಸು: ನಲವತ್ತೊಂಬತ್ತು.
ಕಳೆದ ಹತ್ತು ವರ್ಷದ ಕೆಲಸಗಳನ್ನು ಬರೆಯಿರಿ,
ಒಂದು ತಿಂಗಳೂ ಬಿಡದಂತೆ.

ಬರೆದೆ.
ಗಾಜಿನ ಕಾರ್ಖಾನೆ, ಆರು ವರ್ಷ:
ಕತ್ತು ಸೊಟ್ಟಗಿರುವ ಬಾಟಲಿಗಳನ್ನು ಹೆಕ್ಕಿ ಬಿಸಾಡುವ ಕೆಲಸ.
(ಮನುಷ್ಯರನ್ನು ಕಂಡರೂ ಕಣ್ಣು ಇನ್ನೂ ಕತ್ತನ್ನೇ ನೋಡುತ್ತದೆ.)
ಆಸ್ಪತ್ರೆಯ ಲಾಂಡ್ರಿ, ಎರಡು ವರ್ಷ.
ಶಾಲೆಯ ಅಡುಗೆಮನೆ, ಈಗಲೂ, ವಾರಕ್ಕೆ ಮೂರು ದಿನ.
ಅವೆರಡರ ನಡುವೆ, ಜೂನ್‌ನಿಂದ ಜನವರಿ,
ಚೌಕ ಕೆಂಪಗಾಯಿತು.
ಖಾಲಿ ಅವಧಿಯನ್ನು ವಿವರಿಸಿ. ಇನ್ನೂರು ಅಕ್ಷರ ಮೀರಬಾರದು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ.
ಬ್ಯೂಕ್ ಕಾರಿನ ಹಿಂದಿನ ಸೀಟು ನಾಲ್ಕೂವರೆ ಅಡಿ, ನಾನು ಐದೂವರೆ.
ಉಳಿದ ಒಂದಡಿಯನ್ನು
ಏಳು ತಿಂಗಳು ಮಡಚಿಟ್ಟುಕೊಂಡಿದ್ದೆ.
ಸೋಮವಾರ ಚರ್ಚಿನ ಹಿಂದೆ,
ಮಂಗಳವಾರ ಮುಚ್ಚಿದ ಚಿತ್ರಮಂದಿರದ ಬದಿ,
ಬುಧವಾರ ಎಲ್ಲಿ ಟಾರ್ಚು ಗಾಜು ತಟ್ಟುವುದಿಲ್ಲವೋ ಅಲ್ಲಿ.
ದೀಪ ಹಚ್ಚದೆ, ಕನ್ನಡಿ ನಂಬಿ,
ಹಿಂದೆ ಹಿಂದೆ ಸರಿದು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸುವುದು,
ಮೂತಿ ಸದಾ ರಸ್ತೆಯ ಕಡೆಗೆ.
ಲಾರಿಗೆ ಹಿಂದಕ್ಕೆ ಹೋಗುವುದೇ ಕಷ್ಟವಂತೆ.
ನನಗೆ ಹೇಳುತ್ತಾರೆ.

ಮೊನ್ನೆ ಫೋನಿನಲ್ಲಿ ಮಾರ್ಲಾ, ಕಂಪನಿಯವಳು,
ಜೇನು ಹಚ್ಚಿದ ದನಿಯಲ್ಲಿ ಕೇಳಿದ್ದಳು:
"ಮೂರು ವಾರಕ್ಕೊಮ್ಮೆ ಮನೆ. ತಡೆಯುತ್ತೀರಾ?"
ನನಗೆ ನಗು ಬಂತು, ಅವಳದನ್ನು ಕೆಮ್ಮೆಂದುಕೊಂಡಳು.
ಸಂಬಳ ಕೇಳಲಿಲ್ಲ ನಾನು ಮೊದಲಿಗೆ,
ಸೀಟಿನ ಹಿಂದಿರುವ ಮಂಚದ ಉದ್ದ ಕೇಳಿದೆ.
"ಆರೂಕಾಲು ಅಡಿ ಇರಬಹುದು, ಯಾಕೆ?"
ಸುಮ್ಮನೆ, ಎಂದೆ.
"ಖಾಲಿ ತಿಂಗಳಿದ್ದರೆ ಮನೆಯವರ ಆರೈಕೆ ಅಂತ ಬರೆದುಬಿಡಿ,
ಎಲ್ಲರೂ ಹಾಗೇ ಬರೀತಾರೆ."

ಕೂದಲನ್ನೂ ಪರೀಕ್ಷಿಸುತ್ತಾರಂತೆ.
ಬುಡದಿಂದ ಒಂದೂವರೆ ಅಂಗುಲ ಸಾಕು,
ಅಷ್ಟರಲ್ಲಿ ತೊಂಬತ್ತು ದಿನ ಸಿಗುತ್ತವೆ,
ಏನು ಸೇದಿದೆ, ಏನು ನುಂಗಿದೆ.
ನನ್ನ ಕೂದಲು ಭುಜದವರೆಗೆ.
ಹಾಗಾದರೆ ಆ ಏಳು ತಿಂಗಳೂ ಇಲ್ಲೇ ಇರಬೇಕು,
ಕಿವಿಗಿಂತ ಸ್ವಲ್ಪ ಕೆಳಗೆ.
ಯಾರೂ ಅಲ್ಲಿವರೆಗೆ ಕತ್ತರಿಸುವುದಿಲ್ಲ.

ಮನೆಯವರ ಆರೈಕೆ, ಎಂದು ಬರೆದೆ. ಅಳಿಸಿದೆ.
ಮನೆಯೇ ಇರಲಿಲ್ಲ, ಎಂದು ಬರೆದೆ.
ಅದನ್ನೂ ಅಳಿಸಿದೆ, ಭಿಕ್ಷೆ ಕೇಳಿದ ಹಾಗಿತ್ತು.
ಕೊನೆಗೆ:
"ವಾಹನದಲ್ಲಿ ವಾಸ. ಅಪಘಾತ ಇಲ್ಲ.
ದಂಡ ಒಂದು, ಕಟ್ಟಿದ್ದೇನೆ, ರಸೀದಿ ಇದೆ.
ಚಳಿಗೆ ಎಂಜಿನ್ ಕೈಕೊಟ್ಟಿಲ್ಲ, ನಾನೂ."
ಅಕ್ಷರಗಳು ಇನ್ನೂ ಬೇಕಾದಷ್ಟು ಉಳಿದಿದ್ದವು.
ಬಿಟ್ಟೆ.

ಎರಡೇ ನಿಮಿಷ ಇದ್ದಾಗ
ಮೇಜಿನ ಟೀಗ್ ಸಾಹೇಬರು, ತಲೆ ಎತ್ತದೆ,
ಏನೋ ಒತ್ತಿದರು. ಮೂಲೆಯ ಅಂಕಿ ಹದಿನೇಳಾಯಿತು.
ಅವರ ಮುಂದಿನ ಸಾಲಿನಲ್ಲಿ ಹುಡುಗನೊಬ್ಬ
ಬೂಟಿನ ಹಿಮ ಒದರುತ್ತಾ ಕಾಯುತ್ತಿದ್ದ.

ಮುಂದಿನ ಪುಟ ತೆರೆಯಿತು:
ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು?

ಹದಿನೇಳು.
ಹದಿನಾರು.