ನಾಲ್ಕು ಅಂಗೈ ನೆಲ

ಮಾಪ್ಸಾದ ಟಯರಂಗಡಿಯ ಕಾಯ್ತಾನ
ಜೇಬಿನಿಂದ ಒಂದು ರೂಪಾಯಿ ತೆಗೆದು
ನನ್ನ ಪಿಕಪ್ಪಿನ ಹಿಂದಿನ ಗಾಲಿಯ ಗೆರೆಗೆ ತುರುಕಿದ.
ಅಂಚೂ ಒಳಹೋಗಲಿಲ್ಲ.
ಇಡೀ ರೂಪಾಯಿ ಹೊರಗೇ ನಿಂತು ನನ್ನನ್ನು ನೋಡಿತು.
‘ಪಳೆ,’ ಅಂದ ಅವನ ಭಾಷೆಯಲ್ಲಿ,
ನನ್ನದರಲ್ಲಿ, ‘ಇದು ಟಯರಲ್ಲ ಮಾರಾಯಾ, ಬಳೆ.’

ಆಮೇಲೆ ಕುಕ್ಕರಗಾಲಲ್ಲಿ ಕೂತು
ಗಾಲಿಯ ಪಕ್ಕ ಒದ್ದೆ ನೆಲಕ್ಕೆ ಅಂಗೈ ಊರಿದ.
‘ಒಂದೊಂದು ಗಾಲಿ ಮುಟ್ಟುವುದು ಇಷ್ಟೇ ಜಾಗ.
ನಾಲ್ಕು ಅಂಗೈ ನೆಲ, ಅದರ ಮೇಲೆ ನಿನ್ನ ಸಂಸಾರ.
ಮಳೆಯಲ್ಲಿ ರಬ್ಬರು ಹಿಡಿಯುವುದಿಲ್ಲ,
ರಬ್ಬರಿನ ನಡುವಿನ ಓಣಿ ಹಿಡಿಯುತ್ತದೆ.
ನೀರು ಹಾಯಲು ಓಣಿ ಇಲ್ಲದಿದ್ದರೆ
ನೀರು ನಿನ್ನನ್ನೇ ಎತ್ತಿ ಪಕ್ಕಕ್ಕಿಡುತ್ತದೆ.’
ಟಯರು ಮಾರುವವನು, ಹಾಗೆ ಮಾತಾಡಲೇಬೇಕು.
ರೂಪಾಯಿ ನನಗೇ ಕೊಟ್ಟ. ‘ದಿನಾ ತುರುಕಿ ನೋಡು.’

ಮಾಲಕರಿಗೆ ಫೋನು ಹಚ್ಚಿದೆ.
‘ಚೌತಿ ಆಗ್ಲಿ, ನೋಡೂಣು.’
ಬೆಳಗಾವಿಯಲ್ಲಿ ಅವತ್ತು ಬಿಸಿಲಿತ್ತಂತೆ.

ಚೋರ್ಲಾ ಘಾಟಿನಲ್ಲಿ ಏನೂ ಆಗಲಿಲ್ಲ.
ಬೆನ್ನ ಮೇಲೆ ಗಜ್ಜರಿ, ಕೋಸು, ಹಸಿಮೆಣಸಿನಕಾಯಿ,
ಒಂದೂವರೆ ಟನ್ನು ಹೇರು.
ಮಂಜಿನೊಳಗೆ ತಿರುವು ತಿರುವಿಗೂ ಗಾಡಿ
ಹೊಳೆಗಿಳಿದ ಎಮ್ಮೆಯ ಹಾಗೆ
ಕಾಲೂರಿ, ಯೋಚಿಸಿ, ಮತ್ತೆ ಕಾಲೂರಿ.

ಆದದ್ದು ಖಾಲಿಯಾದ ಮೇಲೆ.
ಪಣಜಿಯಲ್ಲಿ ಮಾಲು ಇಳಿಸಿ, ಚಹಾ ಕುಡಿದು,
ಕದಂಬ ಪ್ರಸ್ಥದಿಂದ ಹಳೇ ಗೋವೆಗೆ ಇಳಿಯುವ
ಅಗಲ ರಸ್ತೆ. ಬೆಳಗಿನ ಐದೂವರೆ. ಎಪ್ಪತ್ತರ ವೇಗ.
ಪಕ್ಕದಿಂದ ಹಾದ ಕದಂಬ ಬಸ್ಸು
ಗಾಜಿನ ತುಂಬ ಒಂದು ಕೆರೆ ಎರಚಿ ಹೋಯಿತು.
ವೈಪರು ಅದನ್ನು ಒರೆಸಿದಾಗ

ಸದ್ದು ಇರಲಿಲ್ಲ.

ಮೊದಲು ಗೊತ್ತಾದದ್ದು ಅದೇ.
ಡಾಂಬರನ್ನು ಬೀಸುತ್ತಿದ್ದ ಗಾಲಿಯ ಗರಗರ
ಯಾರೋ ಕಲ್ಲಿನ ಗೂಟ ಬಿಟ್ಟೆದ್ದ ಹಾಗೆ ನಿಂತಿತ್ತು.
ಸ್ಟೇರಿಂಗು ಹಪ್ಪಳದಷ್ಟು ಹಗುರ.
ತಿರುವಿದರೆ ತಿರುಗುತ್ತದೆ, ಗಾಡಿ ಮಾತ್ರ ಬೇರೆ ಯಾರದೋ.
ಡ್ಯಾಶ್‌ಬೋರ್ಡಿನ ಮೇಲಿನ ರೂಪಾಯಿ
ಎಡದಿಂದ ಬಲಕ್ಕೆ
ಅವಸರವಿಲ್ಲದೆ ಜಾರಿತು.
ಕ್ಲೀನರ್ ಗೂಳಪ್ಪ ಬಾಯಿ ತೆರೆದು ಮಲಗಿದ್ದ,
ಅವನ ನಿದ್ದೆಗೂ ಗೊತ್ತಾಗದಷ್ಟು ಮೆತ್ತಗೆ
ನಾವು ಭೂಮಿ ಬಿಟ್ಟಿದ್ದೆವು.

ಬಲಗಾಲು ಬ್ರೇಕು ಬೇಡಿತು.
ಹದಿನೆಂಟು ವರ್ಷ ಬೇಡಿದಾಗೆಲ್ಲ ಕೊಟ್ಟವನು
ಅವತ್ತು ಕೊಡಲಿಲ್ಲ.
ಕಾಲು ಸುಮ್ಮನೆ ಎತ್ತಿದೆ. ಕೈ ನೆಟ್ಟಗೆ ಹಿಡಿದೆ.
ದೇವರು ನೆನಪಾಗಲಿಲ್ಲ, ಹೆಂಡತಿಯೂ ಇಲ್ಲ.
ಹಿಂದೆ ಇಪ್ಪತ್ತೆರಡು ಬಾಡಿಗೆ ಕ್ರೇಟಿವೆ,
ವಾಪಸು ಕೊಡದಿದ್ದರೆ ಡಿಪಾಜಿಟ್ಟು ಹೋಗುತ್ತದೆ,
ಅದು ನೆನಪಾಯಿತು.
ಇಳಿಜಾರಿನ ಕೆಳಗೆ ಇಗರ್ಜಿಗಳು ಬೆಳ್ಳಗೆ
ನಿಧಾನ ಓರೆಯಾಗಿ ನನ್ನ ಕಡೆ ತಿರುಗುತ್ತಿದ್ದವು.

ಗರ್ ಎಂದಿತು ಒಂದು ಗಾಲಿ.
ಮತ್ತೊಂದು.
ಸ್ಟೇರಿಂಗಿಗೆ ಭಾರ ಮರಳಿತು,
ತವರಿಂದ ಬಂದವಳ ಚೀಲದ ಹಾಗೆ,
ಹೊತ್ತುಕೊಳ್ಳಲು ಖುಷಿಯಾಗುವಂಥ ಭಾರ.

ರಸ್ತೆಯಂಚಿಗೆ ನಿಲ್ಲಿಸಿದೆ. ಮಳೆಯೇನೂ ನಿಲ್ಲಲಿಲ್ಲ.
ಅಲ್ಲಿ ಯಾರದೋ ಬಿದ್ದ ಕಂಪೌಂಡಿನ
ಚಿರೆಕಲ್ಲು, ಒದ್ದೆ ಕೆಂಪು, ಪಾಚಿಗಟ್ಟಿ.
ಗೂಳಪ್ಪನನ್ನು ಎಬ್ಬಿಸಿದೆ.
ಹಿಂದಿನ ಎಕ್ಸೆಲಿನ ನೇರಕ್ಕೆ, ಒಂದಕ್ಕೊಂದು ಒತ್ತಿ,
ಇಪ್ಪತ್ತು ಕಲ್ಲು ಹೇರಿದೆವು.
‘ಯಾರಿಗಣ್ಣಾ?’
‘ಯಾರಿಗೂ ಅಲ್ಲ, ಹೊರು.’
ನಲವತ್ತು ದಾಟದೆ ಘಾಟು ಹತ್ತಿದೆವು,
ಹಿಂದಿನವರೆಲ್ಲ ಹಾರನ್ನಿನಲ್ಲಿ ಬೈದರು.

ಬೆಳಗಾವಿಯಲ್ಲಿ ಮಾಲಕರು
ಹಿಂದಿನ ಫಾಳಕೆ ಕೆಳಗಿಳಿಸಿ
ಕಲ್ಲನ್ನೂ ನನ್ನನ್ನೂ ನೋಡಿದರು.
‘ಏನಲೇ ಇದು?’

‘ಟಯರು,’ ಅಂದೆ.