ಖಡು

ಅಮಾಸಿಗೆ ನಮ್ಮ ಓಣ್ಯಾಗ ಮಗ್ಗ ನಿಲ್ಲತಾವ.
ಉಳಿದ ದಿನ ಗುಳೇದಗುಡ್ಡದಾಗ
ಮಾತಾಡಬೇಕಂದ್ರ ಚೀರಬೇಕು,
ಬರಿಯಾಕ ಕುಂತ್ರ ಎರಡು ಪದದ ನಡುವ ಲಾಳಿ ಓಡತೈತಿ.
ಅದಕ್ಕ ನಾವು ಮೂವರು ಅಮಾಸಿಗೇ ಕೂಡೂದು:
ರಿಟೈರ್ ಆದ ನರ್ಸ್ ಜೈಬುನ್ನಿಸಾ,
ಕಂಡಿಕಿ ಸುತ್ತಿ ಸುತ್ತಿ ಹೆಬ್ಬೆಟ್ಟು ಸವೆದು
ಐವತ್ತೆಂಟಕ್ಕ ಅಕ್ಷರ ಕಲತ ತುಂಗಕ್ಕ,
ಮತ್ತ ನಾನು, ಮೂರನೇ ನಂಬರ್ ಸಾಲಿ
ಮಾಜಿ ಅಕ್ಕೋರು.
ಚಾ, ಚುರಮರಿ, ಮೂರು ನೋಟಬುಕ್ಕು.
ಎದುರುಮನಿ ಸೊಸಿ ಮಾತ್ರ
ಕೂಸಿನ ಗಲ್ಲಕ್ಕ ಕಾಡಿಗಿ ಬೊಟ್ಟು ಇಟ್ಟು
ಕಿಡಕಿ ಹಾಕ್ಕೋತಾಳ.

ಮಾಟಗಿತ್ಯಾರು ಅಂತಾರಂತ ನಮಗ.
ಇರಲಿ ಬಿಡು, ಅಂದ್ಳು ತುಂಗಕ್ಕ,
ಸಾಹಿತಿ ಅಂತ ಯಾರೂ ಕರೀಲಿಲ್ಲ,
ಇದನ್ನರ ಕರದ್ರಲ್ಲ.
ನೋಟಬುಕ್ಕಿನ ರಟ್ಟಿನ ಮ್ಯಾಲ
ಹೆಸರಿನ ಜಾಗಾಕ್ಕ ಅದನ್ನ ಬರಕೊಂಡ್ಳು,
ತಪ್ಪಿಲ್ಲದಂಗ, ಒತ್ತಕ್ಷರ ಸಮೇತ.

ನನಗ ನಗು ಬರತೈತಿ. ಬ್ಯಾಸರನೂ ಬರತೈತಿ,
ಸುಳ್ಳ್ಯಾಕ ಹೇಳಲಿ.
ಒಂದು ಕಾಲಕ್ಕ ನಾನೂ ಕಿಡಕಿ ಹಾಕ್ಕೊಂಡಾಕಿನ.

ಸಾತವ್ವ ಇದ್ಳು, ಬಾವಿ ಬಾಜೂಕ ಒಂದಂಕಣದ ಮನಿ.
ಗದ್ದದ ಮ್ಯಾಲ ನಾಕು ಬಿಳಿ ಕೂದಲ,
ಹಗಲೂರಾತ್ರಿ ಬಾಯಾಗ ಏನೋ ಮಣಮಣ.
ಆಕಿ ನೆರಳು ಬಿದ್ರ ಹಾಲು ಒಡೀತೈತಿ,
ಬಸರು ಇಳೀತೈತಿ, ಹಿಂಗೆಲ್ಲ ಅಂತಿದ್ವಿ.
ಆಕಿ ಸತ್ತು ಎಷ್ಟೋ ವರ್ಷಕ್ಕ ತುಂಗಕ್ಕ ಹೇಳಿದ್ಳು,
ಮಂತ್ರ ಅಲ್ಲವ್ವಾ ಅದು, ಎಣಿಕಿ.
ಹಾಸು ಹೂಡಾಕಿ,
ಎಳಿ ಎಣಿಸಿ ಎಣಿಸಿ
ಕೈ ಮಗ್ಗ ಬಿಟ್ರೂ ಬಾಯಿ ಬಿಡಲಿಲ್ಲ.
ಇಪ್ಪತ್ತೊಂದು, ಇಪ್ಪತ್ತೆರಡು,
ಹರದದ್ದು ಒಂದು.

ಈಗ ನಾನೂ ಸಂತಿಗೆ ಹೋಗೂಮುಂದ
ಒಂದು ಸಾಲಿನ ಮಾತ್ರೆ ಎಣಸ್ತೀನಿ, ತುಟಿ ಅಲಗತಾವ.
ಹುಡುಗ್ರು ಸರದು ದಾರಿ ಬಿಡತಾವ.
ಗದ್ದದ ಕೂದಲ ಕೀಳೂದು ಬಿಟ್ಟೀನಿ,
ಮಾತು ಸಿಗದಾಗ ಅದನ್ನ ಜಗ್ಗಿಕೋತ ಕುಂಡ್ರತೀನಿ.

ಆ ವರ್ಷ ನೆನಪೈತೇನು?
ರಾತ್ರಿ ಒಬ್ಬಾಕಿ ಬರ್ತಾಳಂತ, ಬಾಗಲ ಬಡೀತಾಳಂತ,
ಗುರ್ತಿನವರ ದನಿ ತಗದು ಕರೀತಾಳಂತ.
ಊರಿಗೆ ಊರೇ ಕದದ ಮ್ಯಾಲ "ನಾಳೆ ಬಾ" ಬರಸ್ತು.
ನನ್ನ ಅಕ್ಷರ ದುಂಡಗ. ಖಡು ನನ್ನ ಕೈಯಾಗ.
ಒಂದೇ ಸಂಜಿಗೆ ಅರವತ್ತು ಬಾಗಲ ಬರದೆ.
ಆಮ್ಯಾಲ ಪುಸ್ತಕ ಎರಡು ಮಾಡಿಸೀನಿ,
ಪಲ್ಲಂಗದ ಬುಡಕ ಕಟ್ಟು ಬಿಚ್ಚದ ಅದಾವ.
ಹೇಳಬೇಕಂದ್ರ, ನನ್ನ ಓದಿದಾಕಿ ಆಕಿ ಒಬ್ಬಾಕೀನ:
ದಿನಾ ರಾತ್ರಿ ಬರಾಕಿ, ನಿಂತು ಓದಾಕಿ,
ಬರದಂಗ ಕೇಳಾಕಿ,
ಹೊಳ್ಳಿ ಹೋಗಾಕಿ.

ಏನ ಬರದ್ಯವ್ವಾ ಎಲ್ಲಾರ ಕದಕ್ಕ? ಕೇಳಿದ್ಳು ಸಾತವ್ವ.
ಓದಿ ಹೇಳಿದೆ.
ಯಾರಿಗೆ?
ನಾ ಸುಮ್ಮನಿದ್ದೆ.
ಅಯ್ಯ, ಅಷ್ಟು ಮನಿ ತಿರುಗ್ಯಾಳಂದ್ರ
ಹಸದಿರತಾಳ ಪಾಪ.
ನನ್ನ ಕದಕ್ಕ "ಇವತ್ತ ಬಾ" ಅಂತ ಬರಿ.
ರೊಟ್ಟಿ ಅದಾವ.

ಬರೀಲಿಲ್ಲ.
ಖಡು ಮುಗದೈತಿ ಅಂದೆ.
ಸೆರಗಿನ ಗಂಟಿನಾಗ ಅರ್ಧ ತುಂಡು ಇತ್ತು.

ಮೊನ್ನಿ ಅಮಾಸಿಗೆ ಇಷ್ಟನ್ನ ಬರದು ಓದಿದೆ.
ತುಂಗಕ್ಕ ಕಣ್ಣು ಒರಸ್ಕೊಂಡ್ಳು.
ಜೈಬುನ್ನಿಸಾ ಚಾ ಆರಿಸ್ಕೋತ ಅಂದ್ಳು,
ನಮಗ್ಯಾಕ ಓದತಿ? ಎದ್ದು ಬಾಗಲಕ್ಕ ಬರಿ ಹೋಗು.

ಬಾಗಲ ಈಗ ಕಬ್ಬಿಣದ್ದು, ಎಣ್ಣಿಬಣ್ಣ ಹಚ್ಚಿದ್ದು,
ಖಡು ಜಾರತೈತಿ. ಕೈಯೂ ನಡಗತೈತಿ.
ಮೂರು ಸರ್ತಿ ತಿದ್ದಿದ್ರೂ
"ಇವತ್ತ" ಹಿಡೀಲಿಲ್ಲ. "ಬಾ" ಕುಂತೈತಿ, ಸೊಟ್ಟಗ.

ಮುಂಜಾನೆ ಮೀಟರ್ ನೋಡೂ ಹುಡುಗ ಓದಿ
ಚಪ್ಪಲಿ ಬಿಟ್ಟು ಸೀದಾ ಒಳಗ ಬಂದ.
ಕರದ್ರ್ಯಾ ಅಕ್ಕೋರ?

ನಿನಗಲ್ಲೋ, ಅಂದೆ.
ಬಂದಿ, ಕುಂಡ್ರು ಈಗ.